ಹೆರುವವಳ ಒಪ್ಪಿಗೆ

ಹೆರಿಗೆ ಕೋಣೆಯ ಮಂಚದ ಮೇಲೆ ಮಲಗಿದ್ದೆ. ಸಿಸ್ಟರ್ ಒಬ್ಬರು ರಟ್ಟಿಗೆ ಸಿಕ್ಕಿಸಿದ ಕಾಗದವೊಂದನ್ನು ನನ್ನ ಮುಖದ ಮುಂದೆ ಹಿಡಿದು "ಇವಿಡೆ ಒಪ್ಪಿಡೂ" ಎಂದರು. ಮಲಯಾಳದಲ್ಲಿ ಒಪ್ಪು ಎಂದರೆ ಸಹಿ. ಕೇರಳದ ಗಡಿಜಿಲ್ಲೆ ಕಾಸರಗೋಡಿನ ಪೆರ್ಲದ ಕಡೆ ಹುಟ್ಟಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅಂಗಡಿಗೆ, ಬಸ್ಸಿಗೆ ಸಾಕಾಗುವಷ್ಟು ಮಲಯಾಳ ಬರುತ್ತದೆ. ಆದರೆ ನೋವು ಸೊಂಟವನ್ನು ಹಿಂಡುತ್ತಿದ್ದ ಆ ಹೊತ್ತಿನಲ್ಲಿ ಕಿವಿಗೆ ಬಿದ್ದದ್ದು ಕನ್ನಡದ ಒಪ್ಪು. ಏನನ್ನೋ ಒಪ್ಪಬೇಕು ಎನ್ನುತ್ತಿದ್ದಾರೆ, ಯಾವುದನ್ನು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ನೋವು ಬಂತು. ಸಹಿ ಹಾಕಿದೆ. ಕಾಗದ ಇಂಗ್ಲಿಷಿನಲ್ಲಿತ್ತು. ಮಗು ಹೊರಬರುವ ದಾರಿಯನ್ನು ಕತ್ತರಿಯಿಂದ ಅಗಲಿಸಿದ್ದಾರೆ ಎಂದು ನನಗೆ ತಿಳಿದದ್ದು ಹೊಲಿಗೆ ಹಾಕತೊಡಗಿದ ಮೇಲೆ. ಅಮ್ಮ ರಾತ್ರಿಯಿಡೀ ಹೊರಗಿನ ಬೆಂಚಿನಲ್ಲಿ, ಮಡಿಲಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟುಕೊಂಡು ಕುಳಿತಿದ್ದಳು.

ನಾನೂ ಮಗುವೂ ಕ್ಷೇಮವಾಗಿ ಮನೆಗೆ ಬಂದೆವು. ಅದಕ್ಕಾಗಿ ಆ ಆಸ್ಪತ್ರೆಯ ಋಣ ನನ್ನ ಮೇಲಿದೆ. ಆದರೂ ಎರಡನೆಯದಕ್ಕೆ ದಿನ ಹತ್ತಿರವಾದಾಗ, "ಮನೆಯಲ್ಲೇ ಹೆತ್ತರೆ ಏನಾಗುತ್ತದೆ?" ಎಂದು ನಾನು ನಿಜವಾಗಿಯೂ ಯೋಚಿಸಿದೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ತಿಳಿದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈಗ ನನ್ನ ಅಕ್ಕನ ಮಗಳು ಅದೇ ಪ್ರಶ್ನೆ ಕೇಳುತ್ತಿದ್ದಾಳೆ.

ಮೊದಲು ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ ನೂರಕ್ಕೆ 99.8 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. ಇಡೀ ದೇಶದಲ್ಲಿ ಅದು 88.6. 2018-20ರಲ್ಲಿ ಲಕ್ಷ ಜೀವಂತ ಜನನಗಳಿಗೆ ದೇಶದಲ್ಲಿ 97 ತಾಯಂದಿರು ಸಾಯುತ್ತಿದ್ದರೆ ಕೇರಳದಲ್ಲಿ ಆ ಸಂಖ್ಯೆ 19. ಈ ಸಾಧನೆಯಲ್ಲಿ ಆಸ್ಪತ್ರೆಗಳ ಪಾಲು ದೊಡ್ಡದು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯೂ ಇದೆ: ಕೇರಳದ ಹೆರಿಗೆಗಳಲ್ಲಿ ನೂರಕ್ಕೆ 38.9 ಸಿಸೇರಿಯನ್. ಇಡೀ ಜನಸಮುದಾಯವನ್ನು ಲೆಕ್ಕಕ್ಕೆ ಹಿಡಿದಾಗ, ಸಿಸೇರಿಯನ್ ಪ್ರಮಾಣ ನೂರಕ್ಕೆ ಹತ್ತನ್ನು ದಾಟಿದ ಮೇಲೆ ಅದರಿಂದ ತಾಯಿ-ಮಗುವಿನ ಸಾವು ಇನ್ನೂ ಕಡಿಮೆಯಾಗುವುದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತ್ತು. ಇದನ್ನು ಹಿಡಿದುಕೊಂಡು "ನಿನಗೆ ಮಾಡಿದ ಆಪರೇಷನ್ ಅನಗತ್ಯವಾಗಿತ್ತು" ಎಂದು ಯಾವ ಒಬ್ಬ ಹೆಂಗಸಿಗೂ ಹೇಳುವಂತಿಲ್ಲ. ಆದರೆ ಹತ್ತರಲ್ಲಿ ನಾಲ್ವರ ಹೊಟ್ಟೆ ಕೊಯ್ಯುವ ನಾಡಿನಲ್ಲಿ ಹೆಂಗಸರಿಗೆ ಆಸ್ಪತ್ರೆಯ ಭಯ ಹುಟ್ಟಿದರೆ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲೂ ಬಾರದು.

ಆ ಭಯದ ಬೆನ್ನಿಗೇ ಸಾವುಗಳೂ ಇವೆ. 2018ರ ಜುಲೈಯಲ್ಲಿ ತಿರುಪ್ಪೂರಿನಲ್ಲಿ ಯೂಟ್ಯೂಬ್ ವೀಡಿಯೊ ನೋಡಿ ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಿ ಒಬ್ಬ ಶಿಕ್ಷಕಿ ತೀರಿಕೊಂಡರು. 2024ರಲ್ಲಿ ತಿರುವನಂತಪುರದಲ್ಲಿ ತಾಯಿ, ಮಗು ಇಬ್ಬರೂ ಹೋದರು. 2025ರ ಏಪ್ರಿಲ್‌ನಲ್ಲಿ ಮಲಪ್ಪುರಂನಲ್ಲಿ ಐದನೇ ಮಗುವನ್ನು ಮನೆಯಲ್ಲಿ ಹೆತ್ತ ತಾಯಿ ಸತ್ತಾಗ ಪೊಲೀಸರು ಪತಿಯನ್ನು ಬಂಧಿಸಿದರು.

"ಹಿಂದೆ ಎಲ್ಲರೂ ಮನೆಯಲ್ಲೇ ಹೆರುತ್ತಿರಲಿಲ್ಲವೇ?" ಎಂಬ ಮಾತು ನಮ್ಮ ಕಡೆ ಪ್ರತಿ ಸೀಮಂತದಲ್ಲೂ ಕೇಳಿಬರುತ್ತದೆ. ಹೆರುತ್ತಿದ್ದರು. ನನ್ನ ಅಜ್ಜಿ ಏಳು ಹೆತ್ತವಳು, ಏಳೂ ಒಳಕೋಣೆಯಲ್ಲಿ. ಅಡ್ಡಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಕುಕ್ಕುರುಗಾಲಿನಲ್ಲಿ ಕುಳಿತು ಹೆತ್ತದ್ದನ್ನು ಅವಳು ಹೇಳುತ್ತಿದ್ದಳು. ನೋವು ಬರುವವರೆಗೂ ಅಂಗಳದಲ್ಲಿ ನಡೆದಾಡುತ್ತಿದ್ದಳಂತೆ, ಗಂಜಿತಿಳಿ ಕುಡಿಯುತ್ತಿದ್ದಳಂತೆ. ಬೆನ್ನು ತೀಡುತ್ತಾ ಸೂಲಗಿತ್ತಿ ಅಜ್ಜಿ ಕೂತಿರುತ್ತಿದ್ದರು. ಆದರೆ ನಾಲ್ಕನೆಯ ಹೆರಿಗೆಯಲ್ಲಿ ಮಗು ಬಂದ ಮೇಲೆ ಕಸ, ಅಂದರೆ ಮಾಸು, ಬೀಳಲಿಲ್ಲ. ಆಟಿ ತಿಂಗಳ ಮಳೆ. ಕುರ್ಚಿಗೆ ಬಿದಿರು ಕಟ್ಟಿ ನಾಲ್ವರು ಹೊತ್ತು ರಸ್ತೆಗೆ ತಂದರು. ಅಜ್ಜಿ ಉಳಿದಳು. ಅದೇ ಹಾದಿಯಲ್ಲಿ ಹೊತ್ತು ತಂದ ಪಕ್ಕದ ಮನೆಯವಳು ಉಳಿಯಲಿಲ್ಲ. ಅವಳ ಮಾತು ತೆಗೆದಾಗಲೆಲ್ಲ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಸೀಮಂತದ ಮಾತಿನಲ್ಲಿ ಅಂಥವರ ಹೆಸರು ಬರುವುದಿಲ್ಲ, ಏಕೆಂದರೆ ಅವರ ಕತೆ ಹೇಳಲು ಅವರಿಗೆ ಮೊಮ್ಮಕ್ಕಳಿಲ್ಲ.

ಕಸ ಬೀಳುವ ಹೊತ್ತು ಯಾಕೆ ಅಷ್ಟು ಅಪಾಯ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮನೆಯೋ ಆಸ್ಪತ್ರೆಯೋ ಎಂಬ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ಪ್ರತಿ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗುವಿಗೆ ಅನ್ನ, ಉಸಿರು ಎರಡೂ ಆ ರಕ್ತದಿಂದಲೇ. ಮಗು ಹುಟ್ಟಿ ಕಸ ಕಳಚಿಕೊಂಡಾಗ, ಅದು ಅಂಟಿದ್ದ ಜಾಗದ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯುಗಳೇ. ಮುಷ್ಟಿ ಬಿಗಿದಂತೆ ಗರ್ಭಕೋಶ ಬಿಗಿಯಾದರೆ ನಾಳಗಳು ಹಿಚುಕಿಕೊಂಡು ರಕ್ತ ನಿಲ್ಲುತ್ತದೆ. ಅದು ದಣಿದು ಸಡಿಲವಾಗಿಯೇ ಉಳಿದರೆ, ಅಥವಾ ಕಸದ ತುಂಡೊಂದು ಒಳಗೆ ನಿಂತರೆ, ರಕ್ತ ಹರಿಯುತ್ತಲೇ ಇರುತ್ತದೆ. ತಡೆಯದಿದ್ದರೆ ಎರಡು ಗಂಟೆಗಳೊಳಗೆ ಜೀವ ಹೋಗಬಹುದು. ಮೊದಲೇ ರಕ್ತಹೀನತೆ ಇದ್ದವಳಿಗೆ ಅಷ್ಟು ಹೊತ್ತೂ ಇಲ್ಲ.

ಆಸ್ಪತ್ರೆಯಲ್ಲಿ ಮಗು ಹುಟ್ಟಿದ ಕೂಡಲೇ ತಾಯಿಯ ತೊಡೆಗೆ ಒಂದು ಸೂಜಿ ಚುಚ್ಚುತ್ತಾರೆ. ಆಕ್ಸಿಟೋಸಿನ್, 10 ಯುನಿಟ್. ಗರ್ಭಕೋಶದ ಮುಷ್ಟಿಯನ್ನು ಬಿಗಿಗೊಳಿಸುವುದು ಅದರ ಕೆಲಸ. ಅದನ್ನು ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಇಲ್ಲದಿದ್ದರೆ ಸತ್ವ ಕಳೆದುಕೊಳ್ಳುತ್ತದೆ. ಮನೆಯಲ್ಲಿ ಹೆರಿಗೆ ಮಾಡಿಸುತ್ತೇವೆಂದು ಬರುವವರ ಚೀಲದಲ್ಲಿ ಇದು ಇರುವುದಿಲ್ಲ. ಮಗುವಿನ ಕಡೆಯಿಂದ ನೋಡಿದರೆ, ಹುಟ್ಟಿದ ಹತ್ತು ಮಕ್ಕಳಲ್ಲಿ ಒಂದಕ್ಕೆ ಮೊದಲ ಉಸಿರು ಎಳೆದುಕೊಳ್ಳಲು ಯಾರಾದರೂ ನೆರವಾಗಬೇಕಾಗುತ್ತದೆ. ಹೆಚ್ಚಿನವಕ್ಕೆ ಮೈ ಒರೆಸಿ ಬೆನ್ನು ತಿಕ್ಕಿದರೆ ಸಾಕು. ಕೆಲವಕ್ಕೆ ಚೀಲ-ಮಾಸ್ಕಿನಿಂದ ಗಾಳಿ ಕೊಡಬೇಕು, ಅದೂ ಮೊದಲ ಒಂದು ನಿಮಿಷದೊಳಗೆ. ನಮ್ಮ ಎಣ್ಮಕಜೆಯ ಗುಡ್ಡದ ಮೇಲಿನ ಮನೆಯಿಂದ ಒಂದು ನಿಮಿಷದಲ್ಲಿ ಎಲ್ಲಿಗೂ ತಲುಪಲಾಗದು.

ದಾರಿಯ ಮಾತು ಬಂದಾಗ ನಮಗೆ ಬೇರೆಯದೇ ನೆನಪಿದೆ. ಕಾಸರಗೋಡಿನ ಜನ ತಲೆಮಾರುಗಳಿಂದ ಕಷ್ಟದ ಹೆರಿಗೆಗೆ ಓಡುವುದು ಐವತ್ತು ಕಿಲೋಮೀಟರ್ ಆಚೆಯ ಮಂಗಳೂರಿಗೆ. 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾ ಹರಡುವ ಭಯದಲ್ಲಿ, ಕರ್ನಾಟಕ ತಲಪಾಡಿಯ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಆಂಬುಲೆನ್ಸ್‌ಗಳು ಹಿಂದಿರುಗಿದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆಗಳನ್ನು ತೆಗೆಸಬೇಕೆಂದು ಹೇಳಬೇಕಾಯಿತು, ಸುಪ್ರೀಂ ಕೋರ್ಟಿಗೂ ವಿಷಯ ಹೋಯಿತು. ಆಸ್ಪತ್ರೆಗೆ ಹೋಗುವ ಹಕ್ಕು ಕಾಗದದಲ್ಲಿದ್ದರೆ ಸಾಲದು, ಅದಕ್ಕೊಂದು ರಸ್ತೆಯೂ ಬೇಕು ಎಂದು ಆ ದಿನಗಳಲ್ಲಿ ಬಸುರಿಯರು ಎಲ್ಲರಿಗಿಂತ ಚೆನ್ನಾಗಿ ಅರಿತರು. ಬದಿಯಡ್ಕದ ಹತ್ತಿರ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ಅದರ ಕಟ್ಟಡ ರೋಗಿಗಳಿಗೆ ಮೊದಲು ತೆರೆದದ್ದು ಆ ಕೊರೋನಾ ಕಾಲದಲ್ಲಿ, ಕೋವಿಡ್ ಆಸ್ಪತ್ರೆಯಾಗಿ.

ಹಾಗಾದರೆ ಶ್ರೀಮಂತ ದೇಶಗಳಲ್ಲಿ ಮನೆಯಲ್ಲಿ ಹೆರುತ್ತಾರಲ್ಲ? ಹೌದು. ನೆದರ್ಲೆಂಡ್ಸ್‌ನಲ್ಲಿ, ಇಂಗ್ಲೆಂಡಿನಲ್ಲಿ ಅದು ದೇಶದ ಆರೋಗ್ಯ ವ್ಯವಸ್ಥೆಯ ಒಳಗೇ ಇದೆ. 2011ರಲ್ಲಿ ಪ್ರಕಟವಾದ ಇಂಗ್ಲೆಂಡಿನ ದೊಡ್ಡ ಅಧ್ಯಯನವೊಂದು ಅಪಾಯದ ಲಕ್ಷಣಗಳಿಲ್ಲದ ಸುಮಾರು 64,000 ತಾಯಂದಿರನ್ನು ಗಮನಿಸಿತು. ಈಗಾಗಲೇ ಹೆತ್ತವರಿಗೆ ಮನೆಗೂ ಆಸ್ಪತ್ರೆಗೂ ಮಗುವಿನ ಕ್ಷೇಮದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವೈದ್ಯಕೀಯ ಹಸ್ತಕ್ಷೇಪ ಮನೆಯಲ್ಲಿ ಕಡಿಮೆಯಿತ್ತು. ಚೊಚ್ಚಲ ಹೆರಿಗೆಯ ಕತೆ ಬೇರೆ. ಮಗುವಿಗೆ ಗಂಭೀರ ತೊಂದರೆಯಾದದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಮನೆಯಲ್ಲಿ ಹೆರಲು ಹೊರಟ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 45 ಮಂದಿಯನ್ನು ನಡುವೆಯೇ ಆಸ್ಪತ್ರೆಗೆ ಸಾಗಿಸಬೇಕಾಯಿತು.

ಈ ಅಂಕಿಗಳನ್ನು ಓದುವಾಗ ನಾನು ಅದರ ಹಿಂದಿನ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ಅಲ್ಲಿ ಬಾಗಿಲು ತಟ್ಟುವುದು ತರಬೇತಿ ಪಡೆದು ನೋಂದಣಿಯಾದ ಸೂಲಗಿತ್ತಿ. ಅವಳ ಚೀಲದಲ್ಲಿ ಆಕ್ಸಿಟೋಸಿನ್ ಇದೆ, ಮಗುವಿಗೆ ಗಾಳಿ ಕೊಡುವ ಚೀಲ-ಮಾಸ್ಕ್ ಇದೆ. ಹತ್ತಿರದ ಆಸ್ಪತ್ರೆಗೆ ಅವಳ ಪರಿಚಯವಿದೆ, ಅವಳ ಫೋನಿಗೆ ಆಂಬುಲೆನ್ಸ್ ಬರುತ್ತದೆ. ನೂರಕ್ಕೆ 45ನ್ನು ಸಾಗಿಸಿಯೂ ಆ ವ್ಯವಸ್ಥೆ ನಿಭಾಯಿಸುತ್ತದೆ. ನಮ್ಮಲ್ಲಿ ಮನೆಯ ಹೆರಿಗೆ ಎಂದರೆ ಅಂಥ ಯಾವ ಕೊಂಡಿಯೂ ಇಲ್ಲದ ಒಂಟಿ ಕೋಣೆ. ಇಂಗ್ಲೆಂಡಿನ ಅಂಕಿಯನ್ನು ತಂದು ನಮ್ಮ ಒಳಕೋಣೆಗೆ ಅಂಟಿಸುವುದು ಮೋಸ. ಹಿಂದೆ ಸಿಸೇರಿಯನ್ ಆದವರು, ರಕ್ತದೊತ್ತಡ 140/90 ದಾಟಿದವರು, ಸಕ್ಕರೆ ಕಾಯಿಲೆ ಇದ್ದವರು, ಅವಳಿ ಇದ್ದವರು, ಮಗು ಅಡ್ಡವಾಗಿಯೋ ಕಾಲು ಮುಂದಾಗಿಯೋ ಇದ್ದವರು ಅಲ್ಲಿಯೂ ಆಸ್ಪತ್ರೆಗೇ ಹೋಗಬೇಕೆಂದು ಹೇಳುತ್ತಾರೆ. ಸಿಸೇರಿಯನ್ ಆದ ಗರ್ಭಕೋಶದ ಹಳೆಯ ಗಾಯ ನೋವಿನ ಹೊತ್ತಿನಲ್ಲಿ ಬಿರಿಯುವ ಸಾಧ್ಯತೆ ಸುಮಾರು ಇನ್ನೂರರಲ್ಲಿ ಒಂದು. ಬಿರಿದರೆ ಶಸ್ತ್ರಚಿಕಿತ್ಸಾ ಕೊಠಡಿ ಪಕ್ಕದಲ್ಲೇ ಇರಬೇಕು. ನಮ್ಮ ಎಣ್ಮಕಜೆ, ಬೆಳ್ಳೂರುಗಳಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದವರೆಗೆ, ಬಸುರಿಯಾದ ಕೂಡಲೇ "ಮಗು ಸರಿಯಿದೆಯೇ?" ಎಂಬ ದಿಗಿಲು ಇಲ್ಲಿನ ಮನೆಗಳಲ್ಲಿ ಇನ್ನೂ ಇದೆ. ಐದನೇ ತಿಂಗಳ ಸ್ಕ್ಯಾನಿಂಗ್ ತಪ್ಪಿಸಬೇಡಿ ಎಂದು ನಾನು ಕಂಡವರಿಗೆಲ್ಲ ಹೇಳುವುದು ಅದಕ್ಕಾಗಿ.

ಇನ್ನು ಕಾನೂನು. ಮನೆಯಲ್ಲಿ ಹೆರುವುದು ಭಾರತದಲ್ಲಿ ಅಪರಾಧವಲ್ಲ. ಹೆರಬೇಕೇ ಬೇಡವೇ ಎಂಬ ಹೆಣ್ಣಿನ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ಹಂಗೆರಿಯ ಪ್ರಕರಣವೊಂದರಲ್ಲಿ, ಎಲ್ಲಿ ಹೇಗೆ ಹೆರಬೇಕೆಂಬುದು ತಾಯಿಯ ಖಾಸಗಿ ಬದುಕಿಗೆ ಸೇರಿದ್ದು ಎಂದಿತು. 2016ರಲ್ಲಿ ಅದೇ ನ್ಯಾಯಾಲಯ ಜೆಕ್ ದೇಶದ ಪ್ರಕರಣದಲ್ಲಿ, ಮನೆಯ ಹೆರಿಗೆಗೆ ಸೂಲಗಿತ್ತಿಯರನ್ನು ಕಳುಹಿಸದ ಸರಕಾರ ಹಕ್ಕು ಉಲ್ಲಂಘಿಸಿಲ್ಲ ಎಂದೂ ಹೇಳಿತು. ಅಂದರೆ ಕಾನೂನು ಬಲ್ಲವರಿಗೂ ಇದು ನೇರ ಗೆರೆಯ ವಿಷಯವಲ್ಲ. ಆದರೆ ಒಂದು ಮಾತು ಸ್ಪಷ್ಟ. ಆಯ್ಕೆ ತಾಯಿಯದ್ದು. ಗಂಡ "ಆಸ್ಪತ್ರೆ ಬೇಡ" ಎಂದು ಬಾಗಿಲು ಹಾಕಿದರೆ, ಅತ್ತೆ "ನಾವೆಲ್ಲ ಹೆತ್ತಿಲ್ಲವೇ" ಎಂದು ಬಾಯಿ ಮುಚ್ಚಿಸಿದರೆ, ಅದು ಮನೆಯ ಹೆರಿಗೆಯ ಹಕ್ಕಲ್ಲ, ಹೆಣ್ಣಿನ ಮೇಲೆ ನಡೆದ ಬಲವಂತ. ನೋವು ಶುರುವಾದ ಮೇಲೂ, ಅರ್ಧ ರಾತ್ರಿಯಲ್ಲೂ "ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎನ್ನುವುದು ಅವಳ ಹಕ್ಕು. ಆಗ 108ಕ್ಕೆ ಫೋನ್ ಮಾಡುವುದನ್ನು ಬಿಟ್ಟು ಮನೆಯವರಿಗೆ ಬೇರೆ ಕೆಲಸವಿಲ್ಲ.

ಹೇಗೋ ಮನೆಯಲ್ಲೇ, ಅಥವಾ ದಾರಿಯಲ್ಲೇ, ಹೆರಿಗೆ ಆಗಿಹೋಯಿತು ಎನ್ನಿ. ಅಳುಕಿಕೊಂಡು ಮುಚ್ಚಿಡಬೇಡಿ. ತಾಯಿ-ಮಗುವನ್ನು ಕೂಡಲೇ ಆಸ್ಪತ್ರೆಗೆ ತೋರಿಸಿ, 21 ದಿನಗಳೊಳಗೆ ಪಂಚಾಯತಿಯಲ್ಲಿ ಜನನ ನೋಂದಣಿ ಮಾಡಿಸಿ. ಆಸ್ಪತ್ರೆಯಲ್ಲಾದರೆ ಅವರೇ ತಿಳಿಸುತ್ತಾರೆ. ಮನೆಯಲ್ಲಾದರೆ ಆ ಹೊಣೆ ಮನೆಯ ಯಜಮಾನನದ್ದು, 1969ರ ಕಾಯ್ದೆಯೇ ಹಾಗೆ ಹೇಳುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರಲೂ ಪಾಸ್‌ಪೋರ್ಟಿಗೂ ಜನನ ಪ್ರಮಾಣಪತ್ರವೇ ಆಧಾರ.

ಇಷ್ಟೆಲ್ಲ ತೂಗಿ ನೋಡಿ ನನ್ನ ಎರಡನೇ ಮಗುವನ್ನು ನಾನು ಆಸ್ಪತ್ರೆಯಲ್ಲೇ ಹೆತ್ತೆ. ಆದರೆ ಆಸ್ಪತ್ರೆಯನ್ನು ಆರಿಸಿಕೊಂಡವಳ ಆಯ್ಕೆ ಆಸ್ಪತ್ರೆಯ ಬಾಗಿಲಲ್ಲೇ ಮುಗಿಯಬೇಕೆಂದು ಎಲ್ಲಿಯೂ ಬರೆದಿಲ್ಲ. ಆಯ್ಕೆಯ ಹಕ್ಕಿನ ಬಗ್ಗೆ ಮಾತನಾಡುವವರೆಲ್ಲ ಮನೆಯೋ ಆಸ್ಪತ್ರೆಯೋ ಎಂಬಲ್ಲೇ ನಿಂತುಬಿಡುತ್ತಾರೆ. ಹೆಚ್ಚುಕಡಿಮೆ ನೂರಕ್ಕೆ ನೂರರಷ್ಟು ಹೆಂಗಸರು ಆಸ್ಪತ್ರೆಗೇ ಹೋಗುವ ನಾಡಿನಲ್ಲಿ ಹಕ್ಕಿನ ಪ್ರಶ್ನೆ ಏಳುವುದು ಆ ಬಾಗಿಲು ದಾಟಿದ ಮೇಲೆ.

ಅಜ್ಜಿಯ ಒಳಕೋಣೆಯಲ್ಲಿದ್ದ ನಾಲ್ಕಾರು ಒಳ್ಳೆಯ ಸಂಗತಿಗಳನ್ನು ಇಂದಿನ ವೈದ್ಯಶಾಸ್ತ್ರವೇ ಸರಿ ಎನ್ನುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆಯ ಆರೈಕೆಗೆಂದು 56 ಶಿಫಾರಸುಗಳನ್ನು ಹೊರಡಿಸಿತು. ಹೆರುವವಳು ಬಯಸಿದ ಒಬ್ಬರು ಜೊತೆಗಿರಬೇಕು. ಅಪಾಯವಿಲ್ಲದವಳು ನಡೆದಾಡಬಹುದು, ನೀರು ಆಹಾರ ಸೇವಿಸಬಹುದು. ಮಲಗಿಯೇ ಹೆರಬೇಕೆಂದಿಲ್ಲ, ಕುಳಿತೋ ನಿಂತೋ ತನಗೆ ಹಿತವಾದ ಭಂಗಿಯಲ್ಲಿ ಹೆರಬಹುದು. ಎಲ್ಲರಿಗೂ ವಾಡಿಕೆಯಂತೆ ಕತ್ತರಿ ಹಾಕಬಾರದು. ಮಗು ಬರಲೆಂದು ಹೊಟ್ಟೆಯ ಮೇಲಿನಿಂದ ಒತ್ತಬಾರದು. ಗರ್ಭಕೋಶದ ಬಾಯಿ ಗಂಟೆಗೊಂದು ಸೆಂಟಿಮೀಟರ್ ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಸರ ಮಾಡಬಾರದು, ಐದು ಸೆಂಟಿಮೀಟರ್ ಆಗುವವರೆಗೆ ನಿಧಾನವಾಗಿ ಸಾಗುವುದು ಸಹಜ. ಇದನ್ನು ಓದಿದ ದಿನ ನನಗೆ ನೆನಪಾದದ್ದು ಮೊದಲ ಹೆರಿಗೆಯಲ್ಲಿ ನನಗೆ ಹಾಕಿದ ಡ್ರಿಪ್. ನೋವು ಹೆಚ್ಚಿಸಲು ಹಾಕಿದ್ದು ಎಂದು ಯಾರೂ ಹೇಳಿರಲಿಲ್ಲ, ನಿಶ್ಶಕ್ತಿಗೆ ಗ್ಲೂಕೋಸ್ ಎಂದುಕೊಂಡಿದ್ದೆ.

ನಮ್ಮ ಸರಕಾರವೂ ಹಿಂದೆ ಬಿದ್ದಿಲ್ಲ, ಕನಿಷ್ಠ ಕಾಗದದಲ್ಲಿ. ಸರಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಜೊತೆಗಾತಿಯೊಬ್ಬರನ್ನು ಬಿಡಬಹುದೆಂದು ಕೇಂದ್ರ 2016ರಲ್ಲೇ ಹೇಳಿದೆ. 2017ರ ಡಿಸೆಂಬರಿನಲ್ಲಿ ಆರಂಭವಾದ 'ಲಕ್ಷ್ಯ' ಯೋಜನೆ ಹೆರಿಗೆ ಕೋಣೆಯ ಸೌಲಭ್ಯದ ಜೊತೆಗೆ ತಾಯಿಯ ಗೌರವವನ್ನೂ ಗುಣಮಟ್ಟದ ಲೆಕ್ಕಕ್ಕೆ ತಂದಿತು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ. ತೆಲಂಗಾಣ 2017ರಲ್ಲಿ ನರ್ಸ್‌ಗಳಿಗೆ ಪ್ರಸೂತಿಯ ವಿಶೇಷ ತರಬೇತಿ ಕೊಡಲು ತೊಡಗಿತು. ಮರುವರ್ಷ ಕೇಂದ್ರವೂ ಅದೇ ದಾರಿ ಹಿಡಿದು, ಹದಿನೆಂಟು ತಿಂಗಳ ತರಬೇತಿ ಪಡೆದ ಸೂಲಗಿತ್ತಿ-ನರ್ಸ್‌ಗಳೇ ಸಹಜ ಹೆರಿಗೆ ನಡೆಸುವ ಘಟಕಗಳನ್ನು ಆಸ್ಪತ್ರೆಗಳ ಒಳಗೇ ತೆರೆಯುವ ಮಾರ್ಗಸೂಚಿ ಹೊರಡಿಸಿತು. ಪಕ್ಕದ ಕೋಣೆಯಲ್ಲಿ ಶಸ್ತ್ರಚಿಕಿತ್ಸೆಯ ಮೇಜು, ಈ ಕೋಣೆಯಲ್ಲಿ ಬೆನ್ನು ತೀಡುವ ಕೈ. ನನ್ನ ಮಟ್ಟಿಗೆ ಈ ಚರ್ಚೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ, ಗಡಿಯ ಜಿಲ್ಲೆಗಳಿಗೆ ಇದು ಮೊದಲು ಬರಬೇಕೆಂದು ಒತ್ತಾಯಿಸಬೇಕು.

ಮತ್ತೆ ಆ ಒಪ್ಪು. 2008ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ, ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಮಹಿಳೆಯ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಲಾಗಿತ್ತು. ಪ್ರಾಪ್ತ ವಯಸ್ಸಿನ, ವಿವೇಚನೆಯುಳ್ಳ ಹೆಣ್ಣಿನ ಪರವಾಗಿ, ಜೀವಾಪಾಯವಿಲ್ಲದ ಹೊತ್ತಿನಲ್ಲಿ, ತಾಯಿ ಕೂಡ ಒಪ್ಪಿಗೆ ಕೊಡಲಾಗದು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದು ನ್ಯಾಯಾಲಯ ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2018ರ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದಿದೆ. ನಮಗೆ ಇನ್ನೂ ಒಂದು ಬಲವಿದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೂ ತಮಿಳರಿಗೂ ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ. ಪಡಿತರ ಚೀಟಿಯ ಅರ್ಜಿಗೆ, ಶಾಲೆಯ ಪಾಠಪುಸ್ತಕಕ್ಕೆ ನಾವು ಕನ್ನಡ ಕೇಳಿದ್ದೇವೆ, ಹೋರಾಡಿದ್ದೇವೆ. ಹೆರಿಗೆ ಕೋಣೆಯ ಒಪ್ಪಿಗೆಪತ್ರಕ್ಕೆ ಕನ್ನಡ ಕೇಳಿದ್ದು ನಾನು ಕಂಡಿಲ್ಲ. ಹೊಟ್ಟೆ ಕೊಯ್ಯುವ ಕಾಗದಕ್ಕಿಂತ ಹೆಚ್ಚು ಅರ್ಥವಾಗಬೇಕಾದ ಕಾಗದ ಯಾವುದಿದೆ?

ಕಳೆದ ವಾರ ಅಕ್ಕನ ಮಗಳು ಮತ್ತು ನಾನು ಕುಳಿತು ಅವಳ ಬಯಕೆಗಳನ್ನು ಗೆರೆ ಹಾಳೆಯಲ್ಲಿ ಕನ್ನಡದಲ್ಲಿ ಬರೆದೆವು. ಅಮ್ಮ ಒಳಗೆ ಜೊತೆಗಿರಬೇಕು. ನಡೆದಾಡಲು ಬಿಡಬೇಕು. ಡ್ರಿಪ್ ಹಾಕುವ ಮೊದಲು, ಕತ್ತರಿ ಹಿಡಿಯುವ ಮೊದಲು ಯಾಕೆಂದು ಹೇಳಬೇಕು. ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ತಡೆದು ಕತ್ತರಿಸಬೇಕು. ಕೊನೆಯಲ್ಲಿ ಅವಳೇ ಸೇರಿಸಿದ್ದಳು: "ಹೆತ್ತ ಮೇಲೆ ಯಾವ ಸೂಜಿಯೂ ಬೇಡ." ಎಲ್ಲೋ ಕೇಳಿದ್ದಳಂತೆ.

ತಪಾಸಣೆಗೆ ಹೋದಾಗ ಡಾಕ್ಟರಿಗೆ ಕನ್ನಡ ಬಾರದು. ಮಂಜೇಶ್ವರದ ಕಡೆಯ ಸಿಸ್ಟರ್ ಒಬ್ಬರನ್ನು ಕರೆದು ಓದಿಸಿಕೊಂಡರು. ಒಂದೊಂದಕ್ಕೂ ತಲೆಯಾಡಿಸಿ, ಸೂಜಿಯ ಸಾಲಿಗೆ ಬಂದಾಗ ನಿಲ್ಲಿಸಿದರು. ರಕ್ತಪರೀಕ್ಷೆಯ ಚೀಟಿ ತೆಗೆದು ಅವಳಿಗೆ ತೋರಿಸಿದರು. ಹಿಮೋಗ್ಲೋಬಿನ್ 9.8, ಬಸುರಿಗೆ 11 ಇರಬೇಕು. ತಮ್ಮ ಮುಷ್ಟಿಯನ್ನು ಬಿಗಿದು, ಬಿಡಿಸಿ, ಗರ್ಭಕೋಶ ಹೇಗೆ ಕೆಲಸ ಮಾಡುತ್ತದೆಂದು ವಿವರಿಸಿದರು. ಸಿಸ್ಟರ್ ಅದನ್ನು ಕನ್ನಡದಲ್ಲಿ ಹೇಳಿದರು. "ಇಷ್ಟು ಗೊತ್ತಿರಲಿಲ್ಲ ಚಿಕ್ಕಮ್ಮ" ಎಂದು ಅವಳು ನನ್ನ ಕಡೆ ತಿರುಗಿ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಆ ಸಾಲನ್ನು ತಾನೇ ಹೊಡೆದುಹಾಕಿದಳು. ಕೆಳಗೆ ತನ್ನ ಹೆಸರು ಬರೆದಳು.

ಅವಳಿಗೆ ದಿನ ತುಂಬಲು ಇನ್ನು ಹದಿನೆಂಟು ದಿನಗಳಿವೆ. ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ, ಮಗುವಿಗೆಂದು ಹರಿದಿಟ್ಟ ಹಳೆಯ ವಾಯಿಲ್ ಸೀರೆಯ ತುಂಡುಗಳ ಮೇಲೆ ಆ ಹಾಳೆಯನ್ನು ಮಡಚಿ ಇಟ್ಟಿದ್ದಾಳೆ.